ಗಡಿನಾಡಿನ ರಾಬರ್ಟ್ ಶೂಮನ್

ಐರೋಪ್ಯ ಒಕ್ಕೂಟದ ಪಾಠವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಹೆಚ್ಚಾಗಿ 27 ಸದಸ್ಯ ರಾಷ್ಟ್ರಗಳ ಪಟ್ಟಿಯಿಂದ ಆರಂಭಿಸುತ್ತಾರೆ. ಪಟ್ಟಿ ಕಪ್ಪುಹಲಗೆಯ ಮೇಲೆಯೇ ಉಳಿಯುತ್ತದೆ. ಅದರ ಬದಲು ಮೊದಲು ಒಬ್ಬ ವ್ಯಕ್ತಿಯ ಬದುಕನ್ನು ಹೇಳಿ, ಭೂಪಟವನ್ನು ಆಮೇಲೆ ತೂಗುಹಾಕಬಹುದು. ಈ ಕೆಲಸಕ್ಕೆ ರಾಬರ್ಟ್ ಶೂಮನ್ ಅವರ ಬದುಕಿನಷ್ಟು ಹೊಂದುವುದು ಬೇರೆ ನನಗೆ ಕಂಡಿಲ್ಲ.

ಶೂಮನ್ ಹುಟ್ಟಿದ್ದು 1886ರಲ್ಲಿ, ಲಕ್ಸೆಂಬರ್ಗ್‌ನಲ್ಲಿ. ತಂದೆಯ ಊರು ಗಡಿಯಾಚೆಗಿನ ಲೊರೇನ್ ಪ್ರಾಂತದ ಒಂದು ಹಳ್ಳಿ. ತಂದೆ ಹುಟ್ಟಿದಾಗ ಆ ಹಳ್ಳಿ ಫ್ರಾನ್ಸಿನದು. 1871ರಲ್ಲಿ ಯುದ್ಧ ಸೋತ ಫ್ರಾನ್ಸ್ ಅದನ್ನು ಜರ್ಮನಿಗೆ ಬಿಟ್ಟುಕೊಟ್ಟಿತು. ಹೀಗಾಗಿ ಲಕ್ಸೆಂಬರ್ಗ್‌ನಲ್ಲಿ ಹುಟ್ಟಿದ ಮಗು ಕಾನೂನಿನ ಪ್ರಕಾರ ಜರ್ಮನ್ ಪ್ರಜೆ. ಮನೆಯ ಮಾತು ಲಕ್ಸೆಂಬರ್ಗಿನದು, ಕಾನೂನು ಓದಿದ್ದು ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ. 1912ರಲ್ಲಿ ಲೊರೇನಿನ ಮೆಟ್ಜ್ ನಗರದಲ್ಲಿ ವಕೀಲಿ ಆರಂಭಿಸಿದರು. 1918ರಲ್ಲಿ ಜರ್ಮನಿ ಸೋತಿತು, ಲೊರೇನ್ ಮತ್ತೆ ಫ್ರಾನ್ಸಿಗೆ ಸೇರಿತು. ಮೂವತ್ತೆರಡು ವರ್ಷದ ಜರ್ಮನ್ ವಕೀಲರು ಊರು ಬಿಡದೆಯೇ ಫ್ರೆಂಚರಾದರು! ಮರುವರ್ಷವೇ ಫ್ರಾನ್ಸಿನ ಸಂಸತ್ತಿಗೆ ಆಯ್ಕೆಯಾದರು. ಅವರ ಫ್ರೆಂಚ್ ಮಾತಿನಲ್ಲಿ ಜರ್ಮನ್ ಉಚ್ಚಾರಣೆಯ ಛಾಯೆ ಕೊನೆಯವರೆಗೂ ಹೋಗಲಿಲ್ಲ.

ಇಲ್ಲಿ ಪಾಠ ನಿಲ್ಲಿಸಿ ಮಕ್ಕಳನ್ನು ಕೇಳಬೇಕು: ಜನ ಗಡಿ ದಾಟುವುದನ್ನು ಕೇಳಿದ್ದೇವೆ, ಗಡಿಯೇ ಜನರನ್ನು ದಾಟಿಹೋದರೆ? ಉತ್ತರ ತಡವಾಗಿ ಬಂದರೂ ಕಾಯಬೇಕು.

ಎರಡನೆಯ ಮಹಾಯುದ್ಧದ ಭಾಗವನ್ನು ಮುಚ್ಚಿಡಬಾರದು. 1940ರ ಜುಲೈನಲ್ಲಿ ಮಾರ್ಷಲ್ ಪೆತೆಯ್ನ್‌ಗೆ ಪೂರ್ಣಾಧಿಕಾರ ಕೊಡುವ ನಿರ್ಣಯಕ್ಕೆ ಶೂಮನ್ ಕೂಡ ಮತ ಹಾಕಿದ್ದರು. ಸೆಪ್ಟೆಂಬರ್‌ನಲ್ಲಿ ಗೆಸ್ಟಾಪೊ ಅವರನ್ನು ಬಂಧಿಸಿತು. 1942ರ ಆಗಸ್ಟ್‌ನಲ್ಲಿ ತಪ್ಪಿಸಿಕೊಂಡು ಯುದ್ಧ ಮುಗಿಯುವವರೆಗೆ ತಲೆಮರೆಸಿಕೊಂಡಿದ್ದರು. ಮುಂದೆ ಪ್ರಧಾನಿಯಾದರು, 1948ರಿಂದ 1953ರ ಆರಂಭದವರೆಗೆ ವಿದೇಶಾಂಗ ಮಂತ್ರಿ.

1950ರ ಮೇ 9ರಂದು ಅವರು ಮುಂದಿಟ್ಟ ಯೋಜನೆಯನ್ನು ಸಿದ್ಧಪಡಿಸಿದವರು ಜೀನ್ ಮೊನೆ ಮತ್ತು ಅವರ ಜೊತೆಗಾರರು. ರಾಜಕೀಯ ಹೊಣೆ ಹೊತ್ತವರು ಶೂಮನ್. ಕಲ್ಲಿದ್ದಲು ಮತ್ತು ಉಕ್ಕು ಇಲ್ಲದೆ ಫಿರಂಗಿ ಇಲ್ಲ. ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿಗಳ ಇವೆರಡೂ ಒಂದೇ ಮೇಲಾಧಿಕಾರದ ಕೆಳಗೆ ಬಂದರೆ, ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಯುದ್ಧಕ್ಕೆ ಸಿದ್ಧವಾಗುವುದು ಸಾಧ್ಯವಿಲ್ಲ. ಇಟಲಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್ ಕೂಡ ಸೇರಿದವು. 1951ರಲ್ಲಿ ಪ್ಯಾರಿಸ್‌ನಲ್ಲಿ ಆರು ರಾಷ್ಟ್ರಗಳು ಸಹಿ ಹಾಕಿದವು.

ಆ ಘೋಷಣೆಗೆ ಒಂದು ವಾರ ಮೊದಲು, ಮೇ 2ರಂದು, ಫ್ರಾನ್ಸ್ ಚಂದ್ರನಗರದ ಆಡಳಿತವನ್ನು ಭಾರತಕ್ಕೆ ಒಪ್ಪಿಸಿತ್ತು. ಪುದುಚೇರಿಯ ಹೆಸರು ಗೊತ್ತಿರುವ ಮಕ್ಕಳಿಗೆ ಇದು ಹತ್ತಿರದ ಕೊಂಡಿ. ಏಕೆಂದರೆ ಕಥೆಯ ಕಷ್ಟದ ಭಾಗ ಇಲ್ಲಿಂದಲೇ ಶುರು: ಫ್ರಾನ್ಸ್ ಎಂದರೆ ಆಗ ಯೂರೋಪಿನ ಒಂದು ದೇಶ ಮಾತ್ರ ಆಗಿರಲಿಲ್ಲ. ಶೂಮನ್ ಘೋಷಣೆಯಲ್ಲೇ ಆಫ್ರಿಕದ ಅಭಿವೃದ್ಧಿಯನ್ನು ಯೂರೋಪಿನ ಕರ್ತವ್ಯವೆನ್ನುವ ಒಂದು ಮಾತಿತ್ತು. ಆದರೆ ಟ್ಯುನೀಷಿಯದ ನಾಯಕರು ಸ್ವಯಮಾಡಳಿತ ಕೇಳಿದಾಗ, 1951ರ ಡಿಸೆಂಬರ್‌ನಲ್ಲಿ ಹೋದ ನಿರಾಕರಣೆಯ ಪತ್ರಕ್ಕೆ ಸಹಿ ಹಾಕಿದವರೂ ಇದೇ ಶೂಮನ್. ಅಲ್ಲಿನ ಫ್ರೆಂಚ್ ಅಧಿಕಾರಿಗಳು ಮಂತ್ರಿಯ ಹಿಡಿತಕ್ಕೆ ಸಿಗುತ್ತಿರಲಿಲ್ಲ ಎಂದು ಅವರು ಆಮೇಲೆ ಬರೆದುಕೊಂಡರು. ನಿಜವಿರಬಹುದು. ಆದರೂ, ತನ್ನನ್ನು ಕೇಳದೆ ಬೇರೆಯವರು ಎಳೆದ ಗೆರೆಯೊಳಗೆ ಬೆಳೆದ ಮನುಷ್ಯ ಹಾಕಿದ ಸಹಿ ಅದು. ತರಗತಿಯಲ್ಲಿ ಇದನ್ನು ಬಿಟ್ಟರೆ ಉಳಿಯುವುದು ಗೋಡೆಯ ಮೇಲಿನ ಚಿತ್ರಪಟ ಮಾತ್ರ.

1957ರ ರೋಮ್ ಒಪ್ಪಂದದ ಹೊತ್ತಿಗೆ ಅವರು ವಿದೇಶಾಂಗ ಮಂತ್ರಿಯಾಗಿರಲಿಲ್ಲ. ಆ ಒಪ್ಪಂದ ಫ್ರಾನ್ಸ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮತ್ತು ಇಟಲಿಯ ಸಾಗರೋತ್ತರ ನಾಡುಗಳನ್ನು ಸಹವರ್ತಿಗಳಾಗಿ ಸೇರಿಸಿಕೊಂಡಿತು. ಅವುಗಳಿಗಾಗಿ ಸುಮಾರು 58 ಕೋಟಿ ಡಾಲರ್ ಮೌಲ್ಯದ ನಿಧಿ ತೆಗೆದಿರಿಸಲಾಯಿತು. ಸಹಿ ಹಾಕಿದ್ದು ಮಾತ್ರ ಆ ಆರು ರಾಷ್ಟ್ರಗಳೇ. ಅಲ್ಜೀರಿಯ ಮತ್ತು ಫ್ರಾನ್ಸಿನ ಸಾಗರೋತ್ತರ ಜಿಲ್ಲೆಗಳಿಗೆ ಒಪ್ಪಂದದ ಹಲವು ವಿಧಿಗಳು ನೇರವಾಗಿ ಅನ್ವಯಿಸಿದವು. 1958ರಲ್ಲಿ ಶೂಮನ್ ಐರೋಪ್ಯ ಸಂಸದೀಯ ಸಭೆಯ ಅಧ್ಯಕ್ಷರಾದರು. 1962ರಲ್ಲಿ ಅಲ್ಜೀರಿಯ ಸ್ವತಂತ್ರವಾಯಿತು. ಮರುವರ್ಷ ಸೆಪ್ಟೆಂಬರ್ 4ರಂದು, ಮೆಟ್ಜ್ ಬಳಿಯ ತಮ್ಮ ಮನೆಯಲ್ಲಿ ಶೂಮನ್ ತೀರಿಕೊಂಡರು. ಮದುವೆಯಾಗಿರಲಿಲ್ಲ.

ಇನ್ನು ಭೂಪಟ. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ, ಹಿಂದೂ ಮಹಾಸಾಗರದ ರಿಯೂನಿಯನ್, ಕೆರಿಬಿಯನ್ನಿನ ಮಾರ್ಟಿನಿಕ್ ಮತ್ತು ಗ್ವಾಡೆಲೂಪ್ ಇಂದಿಗೂ ಒಕ್ಕೂಟದ ಒಳಗೇ ಇವೆ. ಅಲ್ಲಿ ನಡೆಯುವುದು ಯೂರೋ ಹಣ. ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್ ಜನಮತ ಕೇಳಿ 1985ರಲ್ಲಿ ಹೊರಗೆ ಹೋಯಿತು. ಯೂರೋ ನೋಟಿನ ಹಿಂಬದಿಯ ನಕ್ಷೆಯಲ್ಲಿ, ಮೊದಲು ಹೇಳಿದ ನಾಲ್ಕು ನಾಡುಗಳು ಚಿಕ್ಕ ಚೌಕಗಳಲ್ಲಿ ಪ್ರತ್ಯೇಕವಾಗಿ ಅಚ್ಚಾಗಿವೆ. ನೋಟಿನ ದೊಡ್ಡ ಚಿತ್ರವೊಂದನ್ನು ಬೋಧನೋಪಕರಣವಾಗಿ ಹಿಡಿದು, ಆ ಚೌಕಗಳು ಭೂಗೋಳದ ಮೇಲೆ ಎಲ್ಲಿವೆ ಎಂದು ಮಕ್ಕಳಿಂದಲೇ ಹುಡುಕಿಸಿದರೆ ಹತ್ತು ನಿಮಿಷ ಸಾಕಾಗುವುದಿಲ್ಲ; ಪಾಠಯೋಜನೆಯಲ್ಲಿ ಹದಿನೈದು ಇಟ್ಟುಕೊಳ್ಳಿ.