ಸೋಲಾಪುರದ ವಾಲ್‌ಚಂದ್, ಕುರ್ಲಾದ ಡಾಡ್ಜ್

ಮೋಮಿನಪುರದಿಂದ ಸ್ಟೇಷನ್‌ಗೆ ಆಟೋ, ಅಲ್ಲಿಂದ ಸುಮಾರು ಎರಡು ತಾಸಿನ ರೈಲು, ಸೋಲಾಪುರ ಬಂದೇ ಬಿಡ್ತದೆ. ನಾವು ಅಲ್ಲಿಗೆ ಹೋಗೋದು ಚಾದರ ತರೋಕೆ. ಡಾಡ್ಜ್ ಕಿಂಗ್ಸ್‌ವೇ ಕಾರನ್ನು ನಮ್ಮ ದೇಶದಲ್ಲಿ ಜೋಡಿಸಿದ ಕಂಪನಿಯ ಸ್ಥಾಪಕ ವಾಲ್‌ಚಂದ್ ಹಿರಾಚಂದ್ ಹುಟ್ಟಿದ್ದು ಅದೇ ಊರಲ್ಲಿ, 1882ರಲ್ಲಿ.

ಮನೆಯವರದು ಹತ್ತಿ ವ್ಯಾಪಾರ. ಇವರು ಡಿಗ್ರಿ ಮುಗಿಸಲಿಲ್ಲ (ಬ್ಯಾಕ್‌ಲಾಗ್ ಇರೋರು ಇದನ್ನೇ ನೆಪ ಮಾಡ್ಕೋಬೇಡಿ). ರೈಲ್ವೆ ಗುತ್ತಿಗೆ ಹಿಡಿದರು, ಆಮೇಲೆ ಹಡಗು ಕಂಪನಿ. 1919ರಲ್ಲಿ ಅವರ ಎಸ್‌ಎಸ್ ಲಾಯಲ್ಟಿ ಹಡಗು ಮುಂಬೈನಿಂದ ಲಂಡನ್‌ಗೆ ಹೊರಟ ಏಪ್ರಿಲ್ 5 ಈಗ ರಾಷ್ಟ್ರೀಯ ಕಡಲಯಾನ ದಿನ.

ಆದರೆ ತಲೆಯಲ್ಲಿ ಕೂತಿದ್ದು ಕಾರು. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಕಾರು ಕಾರ್ಖಾನೆಗಾಗಿ ವರ್ಷಗಟ್ಟಲೆ ಓಡಾಡಿದವರೇ. 1939ರಲ್ಲಿ ವಾಲ್‌ಚಂದ್ ಅಮೆರಿಕಕ್ಕೆ ಹೋದರು. ಫೋರ್ಡ್ ಜೊತೆ ಮಾತು ಕೂಡಲಿಲ್ಲ, ಕ್ರೈಸ್ಲರ್ ಒಪ್ಪಿತು. ವಾಪಸ್ ಬರುವಾಗ ವಿಮಾನದಲ್ಲಿ ವಿಲಿಯಂ ಪಾಲಿ ಸಿಕ್ಕರು, ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವರು. ಆ ಪರಿಚಯದಿಂದ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು, ಅಂದ್ರೆ ನಾವು ಪ್ಲೇಸ್‌ಮೆಂಟ್ ಕನಸು ಕಾಣೋ ಎಚ್‌ಎಎಲ್. ಜಾಗ ಕೊಟ್ಟಿದ್ದು ಮೈಸೂರು ಸರ್ಕಾರ. 1941ರಲ್ಲೇ ಮೊದಲ ವಿಮಾನ ಹಾರಿತು. ಕಾರಿಗೆ ಮಾತ್ರ ಬ್ರಿಟಿಷ್ ಸರ್ಕಾರ ಕೈ ಜೋಡಿಸಲಿಲ್ಲ.

1942ರಲ್ಲಿ ಸರ್ಕಾರ ವಿಮಾನ ಕಂಪನಿಯಲ್ಲಿದ್ದ ಅವರ ಪಾಲನ್ನು ಕೊಂಡಿತು. ಅವರು ಕಾರು ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್, 1947ರಲ್ಲಿ ಮುಂಬೈನ ಕುರ್ಲಾದಿಂದ ಗಾಡಿಗಳು.

ಈ ಕಿಂಗ್ಸ್‌ವೇಯನ್ನು ಯಾರೂ ಸರಿಯಾಗಿ ಹೊಗಳಿಲ್ಲ ಅನ್ನೋದು ನಮ್ಮ ತಕರಾರು. ಅಂಬಾಸಿಡರ್, ಪದ್ಮಿನಿ ನೆನೆಸಿಕೊಂಡು ಕಣ್ಣೀರು ಹಾಕೋರು ಬೇಕಾದಷ್ಟಿದ್ದಾರೆ. ಕಿಂಗ್ಸ್‌ವೇ ಅಮೆರಿಕದಲ್ಲಿ ಮಾರುತ್ತಿದ್ದ ದೊಡ್ಡ ಡಾಡ್ಜ್ ಅಲ್ಲ. ರಫ್ತಿಗೆಂದು ಪ್ಲಿಮತ್‌ನ ಸಣ್ಣ ಬಾಡಿಗೆ ಡಾಡ್ಜ್ ಮುಖ ಕೂರಿಸಿದ್ದು. ಕುರ್ಲಾದಲ್ಲಿ ಹೆಚ್ಚುಕಡಿಮೆ ಅದೇ ಕಾರು ಡಾಡ್ಜ್, ಡಿಸೋಟೋ, ಪ್ಲಿಮತ್ ಅಂತ ಮೂರು ಹೆಸರಲ್ಲಿ ಹೊರಬಂತು. ಬರೀ ಬ್ಯಾಡ್ಜ್ ಬದಲಾಯಿಸೋ ಆಟ ಅಂತ ನಗಬಹುದು. ಸ್ಪೇರ್ ಪಾರ್ಟ್ ಹುಡುಕೋ ಮೆಕ್ಯಾನಿಕ್ ನಗಲ್ಲ. ಒಳಗೆ ಸಾಲಾಗಿ ಆರು ಸಿಲಿಂಡರ್, ವಾಲ್ವ್‌ಗಳು ಬ್ಲಾಕ್‌ನಲ್ಲೇ ಇರೋ ಫ್ಲಾಟ್‌ಹೆಡ್ ಇಂಜಿನ್. ಕಂಪ್ರೆಷನ್ ಕಡಿಮೆ, ಪವರ್ ಕಡಿಮೆ, ಸಾಧಾರಣ ಪೆಟ್ರೋಲ್‌ಗೂ ತಕರಾರಿಲ್ಲದೆ ಓಡ್ತಿತ್ತು. ಆಗಿನ ನಮ್ಮ ರಸ್ತೆಗೆ ಇನ್ನೇನು ಬೇಕಿತ್ತು?

ಆರೋಗ್ಯ ಕೆಟ್ಟು 1950ರಲ್ಲಿ ವಾಲ್‌ಚಂದ್ ವ್ಯವಹಾರದಿಂದ ಹಿಂದೆ ಸರಿದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು. ಕುರ್ಲಾದಿಂದ ಫಿಯಟ್ 1100 ಹೊರಬಂದಿದ್ದು ಅದಾದ ಮೇಲೆ.