ಭಗ್ನಮೂರ್ತಿ

ಕಲ್ಲಿನಲ್ಲಿ ದೇವರಿರುವನೆ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ವಂಗದೇಶವನ್ನು ಬಹುವಾಗಿ ಕಲಕಿತು. ರಾಜಾ ರಾಮಮೋಹನರಾಯರು 1828ರಲ್ಲಿ ಆರಂಭಿಸಿದ ಬ್ರಾಹ್ಮಸಮಾಜ ವಿಗ್ರಹಾರಾಧನೆಯನ್ನು ತ್ಯಜಿಸಿತ್ತು. ವಿದ್ಯಾವಂತ ತರುಣರಲ್ಲಿ ಹಲವರು ಅದೇ ಹಾದಿ ಹಿಡಿದಿದ್ದರು. ಆ ಕಾಲದಲ್ಲಿ ತನ್ನ ಬಾಳನ್ನೇ ಉತ್ತರವಾಗಿ ಕೊಟ್ಟವನು ಹೆಚ್ಚು ಓದುಬರಹವಿಲ್ಲದ ಒಬ್ಬ ಅರ್ಚಕ.

ಗದಾಧರ ಚಟ್ಟೋಪಾಧ್ಯಾಯ ಹುಟ್ಟಿದ್ದು 1836ರ ಫೆಬ್ರವರಿ 18ರಂದು, ಕಾಮಾರಪುಕುರವೆಂಬ ಹಳ್ಳಿಯ ಬಡ ಬ್ರಾಹ್ಮಣರ ಮನೆಯಲ್ಲಿ. ಬಾಲಕನಿಗೆ ಪಾಠಶಾಲೆಯ ಲೆಕ್ಕಕ್ಕಿಂತ ಮಣ್ಣಿನಲ್ಲಿ ದೇವರ ಮೂರ್ತಿಗಳನ್ನು ತಿದ್ದುವುದೇ ಪ್ರಿಯ. 1855ರ ಮೇ 31ರಂದು ರಾಣಿ ರಾಸಮಣಿ ದಕ್ಷಿಣೇಶ್ವರದಲ್ಲಿ ಗಂಗೆಯ ದಡದ ಮೇಲೆ ಕಾಳಿಕಾದೇವಾಲಯದ ಪ್ರತಿಷ್ಠೆ ಮಾಡಿಸಿದಳು. ಶೂದ್ರಸ್ತ್ರೀ ಕಟ್ಟಿಸಿದ ಗುಡಿಯೆಂದು ಬ್ರಾಹ್ಮಣರು ಹಿಂಜರಿದಾಗ ಪೂಜೆಯ ಹೊಣೆ ಹೊತ್ತವನು ಗದಾಧರನ ಅಣ್ಣ ರಾಮಕುಮಾರ. ಅವನ ಜೊತೆಗೆ ತಮ್ಮನೂ ಅಲ್ಲಿಗೆ ಬಂದ.

ಆ ಆವರಣದಲ್ಲಿಯೇ ರಾಧಾಕಾಂತನ ಗುಡಿಯೂ ಇದೆ. ಒಂದು ದಿನ ಅರ್ಚಕನ ಕೈಜಾರಿ ಕೃಷ್ಣಮೂರ್ತಿ ಕೆಳಗೆ ಬಿದ್ದು ಅದರ ಪಾದ ಮುರಿಯಿತು. ಭಗ್ನಮೂರ್ತಿ ಪೂಜೆಗೆ ಸಲ್ಲದು, ಅದನ್ನು ಗಂಗೆಯಲ್ಲಿ ವಿಸರ್ಜಿಸಿ ಹೊಸದನ್ನು ಪ್ರತಿಷ್ಠಿಸಬೇಕೆಂದು ಪಂಡಿತರು ವ್ಯವಸ್ಥೆ ಕೊಟ್ಟರು. ರಾಣಿಯ ಮನಸ್ಸು ಒಪ್ಪಲಿಲ್ಲ. ಆಗ ಗದಾಧರನನ್ನು ಕೇಳಲಾಗಿ, ರಾಣಿಯ ಅಳಿಯನೊಬ್ಬನ ಕಾಲು ಮುರಿದರೆ ಅವನನ್ನು ಬಿಟ್ಟು ಬೇರೊಬ್ಬನನ್ನು ತರುವಳೋ, ವೈದ್ಯವನ್ನು ಮಾಡಿಸುವಳೋ ಎಂದು ಅವನು ಮರುಪ್ರಶ್ನೆ ಹಾಕಿದ. ಬಾಲ್ಯದಲ್ಲಿ ಮಣ್ಣನ್ನು ತಿದ್ದಿದ್ದ ಕೈಗಳು ಮುರಿದ ಪಾದವನ್ನು ಗುರುತು ಕಾಣದಂತೆ ಕೂಡಿಸಿದುವು. ಪೂಜೆ ಮುಂದುವರಿಯಿತು.

ಶಾಸ್ತ್ರ ಶಿಲೆಯ ಅಂಗಭಂಗವನ್ನು ನೋಡಿತ್ತು. ಗದಾಧರ ನೋಡಿದ್ದು ಸಂಬಂಧವನ್ನು. ಪ್ರೀತಿಸಿದವರು ಊನಗೊಂಡರೆಂದು ಯಾರೂ ಅವರನ್ನು ಹೊಳೆಗೆ ಬಿಡುವುದಿಲ್ಲ.

1856ರಲ್ಲಿ ಅಣ್ಣ ತೀರಿಕೊಂಡ. ಕಾಳಿಯ ಪೂಜೆ ಗದಾಧರನದಾಯಿತು. ತಾಯಿಯ ದರ್ಶನವಿಲ್ಲದೆ ಬದುಕಲಾರೆನೆಂದು ಅವನು ಹಂಬಲಿಸಿ ಅತ್ತ, ನೋಡಿದವರು ಹುಚ್ಚನೆಂದರು. ಮುಂದೆ ತೋತಾಪುರಿಯೆಂಬ ಅದ್ವೈತಸಂನ್ಯಾಸಿ ಬಂದು ನಿರಾಕಾರದ ಧ್ಯಾನವನ್ನು ಬೋಧಿಸಿದಾಗ, ಅಡ್ಡ ನಿಂತದ್ದು ಆ ತಾಯಿಯ ರೂಪವೇ. ಜ್ಞಾನವೆಂಬ ಖಡ್ಗದಿಂದ ಅದನ್ನೂ ಕಡಿದು ರಾಮಕೃಷ್ಣರು ಸಮಾಧಿಯನ್ನು ಹೊಕ್ಕರು. ಆದರೆ ಅಲ್ಲಿಂದ ಇಳಿದುಬಂದ ಮೇಲೆ ಮತ್ತೆ ಕಾಳಿಯ ಮುಂದೆಯೇ ಕೈಮುಗಿದರು. ರೂಪವನ್ನು ದಾಟಿದವರಿಗೆ ರೂಪ ಹಗೆಯಾಗಿ ಉಳಿಯಲಿಲ್ಲ.

ಅವರಲ್ಲಿಗೆ ಬಂದ ನರೇಂದ್ರನಾಥ ಬ್ರಾಹ್ಮಸಮಾಜದ ಸದಸ್ಯ, ವಿಗ್ರಹವನ್ನು ಒಪ್ಪದ ತರುಣ. ಗುರು ಅವನ ಶಂಕೆಯನ್ನು ಜರೆಯಲಿಲ್ಲ. 1884ರಲ್ಲಿ ತಂದೆ ತೀರಿಕೊಂಡು ಮನೆ ಹಸಿವಿಗೆ ಸಿಕ್ಕಿದಾಗ, ತಾಯಿಯನ್ನೇ ಬೇಡೆಂದು ಅವನನ್ನು ಕಾಳಿಯ ಗುಡಿಗೆ ಕಳುಹಿದರು. ಮೂರು ಸಲ ಹೋದರೂ ನರೇಂದ್ರ ಅನ್ನವನ್ನು ಕೇಳಲಾರದೆ ಜ್ಞಾನಭಕ್ತಿಗಳನ್ನೇ ಬೇಡಿ ಮರಳಿದ. ಅವನೇ ಮುಂದೆ ವಿವೇಕಾನಂದನಾದ.

1886ರ ಆಗಸ್ಟ್ 16ರಂದು ಪರಮಹಂಸರು ಕಾಶೀಪುರದಲ್ಲಿ ದೇಹವನ್ನು ತ್ಯಜಿಸಿದರು. ಮೂರ್ತಿಪೂಜೆಯ ಅರ್ಥವನ್ನು ಹುಡುಕುವವರು ವಾದಗ್ರಂಥಗಳನ್ನು ತೆರೆಯುವ ಮುನ್ನ ಆ ಕೂಡಿಸಿದ ಪಾದವನ್ನು ಒಮ್ಮೆ ನೆನೆಯಬೇಕು.