ಹದ್ದಿನ ರಾಗ ಕಟ್ಟಿದ ರೋಬ್ಲೆಸ್

ಈ ಸಲ ನಾನು ಬರೀತಿರೋದು ನಮ್ಮ ದೇಶದವರ ಕಥೆಯಲ್ಲ. ದಕ್ಷಿಣ ಅಮೆರಿಕದ ಪೆರು ದೇಶದ ಸಂಗೀತಗಾರ ದಾನಿಯೆಲ್ ಅಲೋಮಿಯಾ ರೋಬ್ಲೆಸ್ ಅವರದು. ಅಷ್ಟು ದೂರದವರನ್ನ ಬೈರಕೂರಿನ ಗೋಡೆಗೆ ಯಾಕೆ ತಂದೆ ಅಂತ ಕೇಳಬಹುದು. ಅವರ ಹೆಸರಾದ ರಾಗ ಹುಟ್ಟಿದ್ದು ಗಣಿ ಕೆಲಸಗಾರರ ನಾಟಕಕ್ಕೆ. ಕೆ.ಜಿ.ಎಫ್. ಇರೋ ಸೀಮೆಯ ನಮಗೆ ಗಣಿ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ರೋಬ್ಲೆಸ್ ಹುಟ್ಟಿದ್ದು 1871ರಲ್ಲಿ, ಆಂಡಿಸ್ ಪರ್ವತದ ಮಡಿಲಿನ ವಾನುಕೊ ಎಂಬ ಊರಲ್ಲಿ. ಓದಲು ರಾಜಧಾನಿ ಲಿಮಾಕ್ಕೆ ಹೋದರು. ಡಾಕ್ಟರ್ ಆಗಬೇಕೆಂದು ಸ್ವಲ್ಪ ಕಾಲ ವೈದ್ಯಶಾಸ್ತ್ರ ಓದಿ, ಬಿಟ್ಟುಬಿಟ್ಟರು. ಆಮೇಲೆ ಹಿಡಿದ ದಾರಿಯೇ ಬೇರೆ. ಬೆಟ್ಟ, ಕಾಡು, ಹಳ್ಳಿ ಸುತ್ತಿ ಅಲ್ಲಿನ ಜನ ಹಾಡುವುದನ್ನೂ ಊದುವುದನ್ನೂ ಕೇಳಿ ಬರೆದುಕೊಂಡರು. ಹೀಗೆ ನೂರಾರು ಹಾಡು ಕೂಡಿಹಾಕಿದರು.

ಆ ಬೆಟ್ಟದವರ ಒಂದು ವಾದ್ಯದ ವಿಷಯ ಹೇಳಲೇಬೇಕು. ಅದರ ಹೆಸರು ಸಿಕು. ಜೊಂಡಿನ ಕೊಳವೆಗಳನ್ನ ಉದ್ದದ್ದು, ಗಿಡ್ಡದ್ದು ಅಂತ ಸಾಲಾಗಿ ಜೋಡಿಸಿ ಕಟ್ಟಿರ್ತಾರೆ. ನಮ್ಮ ಕೊಳಲಿಗಿರುವಂತೆ ಬೆರಳಿಡೋ ತೂತು ಇಲ್ಲ, ಒಂದು ಕೊಳವೆಗೆ ಒಂದೇ ಸ್ವರ. ಅದಕ್ಕಿಂತ ಸೋಜಿಗ ಇನ್ನೊಂದಿದೆ. ಸ್ವರಗಳು ಎರಡು ಸಾಲಿಗೆ ಹಂಚಿಹೋಗಿರುತ್ತವೆ. ಒಂದು ಸಾಲು ಒಬ್ಬರ ಕೈಲಿ, ಇನ್ನೊಂದು ಇನ್ನೊಬ್ಬರ ಕೈಲಿ. ಒಬ್ಬ ಬಿಟ್ಟ ಕಡೆ ಇನ್ನೊಬ್ಬ ಹಿಡೀಬೇಕು. ಜೊತೆಗಾರ ಬರದಿದ್ರೆ ರಾಗ ಅರ್ಧಕ್ಕೇ ನಿಂತಂತೆ!

ಬೆಟ್ಟದವರ ಹಳೆಯ ಸಂಗೀತಕ್ಕೆ ಐದು ಸ್ವರಗಳೇ ಆಧಾರ ಎಂದು ರೋಬ್ಲೆಸ್ 1910ರಲ್ಲಿ ಲಿಮಾದ ಸ್ಯಾನ್ ಮಾರ್ಕೋಸ್ ವಿಶ್ವವಿದ್ಯಾನಿಲಯದಲ್ಲಿ ವಿವರಿಸಿದರು. ನಮ್ಮ ಮೋಹನ, ಶುದ್ಧ ಧನ್ಯಾಸಿ ರಾಗಗಳಲ್ಲೂ ಐದೇ ಸ್ವರ ಅಲ್ಲವೇ?

ಈಗ ಗಣಿಯ ಮಾತು. ಪೆರುವಿನ ಸೆರೊ ದೆ ಪಾಸ್ಕೊ ಸಮುದ್ರಮಟ್ಟದಿಂದ 4,300 ಮೀಟರಿಗೂ ಎತ್ತರದ ಊರು. 1902ರಲ್ಲಿ ಅಮೆರಿಕದ ಕಂಪನಿಯೊಂದು ಅಲ್ಲಿನ ತಾಮ್ರಕ್ಕೆ ಕೈ ಹಾಕಿತು. ಶಿವನಸಮುದ್ರದಿಂದ ಕೆ.ಜಿ.ಎಫ್.ಗೆ ಕರೆಂಟು ಬಂದದ್ದೂ ಅದೇ ವರ್ಷ. ಇಲ್ಲಿ ಇಂಗ್ಲಿಷ್ ಕಂಪನಿ, ಅಲ್ಲಿ ಅಮೆರಿಕದ್ದು, ಒಳಗಿಳಿದು ಅಗೆದವರು ಮಾತ್ರ ಎರಡೂ ಕಡೆ ಬಡವರೇ. ಆ ಊರಿನ ಕಷ್ಟವನ್ನೇ ಹೂಲಿಯೋ ಬೌದೊಯಿನ್ ಎಂಬುವರು ನಾಟಕ ಬರೆದರು, ರೋಬ್ಲೆಸ್ ಸಂಗೀತ ಕೊಟ್ಟರು. 1913ರ ಡಿಸೆಂಬರಿನಲ್ಲಿ ಲಿಮಾದ ಮಾಜಿ ನಾಟಕಶಾಲೆಯಲ್ಲಿ ಆಟ ನಡೆಯಿತು. ಹೆಸರು ‘ಎಲ್ ಕಾಂಡೊರ್ ಪಾಸಾ’, ಕಾಂಡೊರ್ ಹದ್ದು ಹಾದುಹೋಗುತ್ತಿದೆ ಅಂತ ಅರ್ಥ. ಅದರಲ್ಲಿ ಗಣಿಯ ದೊರೆ ಕೊಲೆಯಾಗುತ್ತಾನೆ, ಅವನ ಜಾಗಕ್ಕೆ ಇನ್ನೊಬ್ಬ ದೊರೆ ಬರುತ್ತಾನೆ. ಕೊನೆಗೆ ಆಕಾಶದಲ್ಲಿ ಹದ್ದು ಕಾಣುತ್ತದೆ.

1919ರಲ್ಲಿ ರೋಬ್ಲೆಸ್ ನ್ಯೂಯಾರ್ಕಿಗೆ ಹೋದರು, ಹದಿನಾಲ್ಕು ವರ್ಷ ಅಮೆರಿಕದಲ್ಲಿದ್ದರು. 1933ರಲ್ಲಿ ಈ ರಾಗದ ಹಕ್ಕು ಅಲ್ಲಿ ಅವರ ಹೆಸರಲ್ಲೇ ನೋಂದಣಿಯಾಯಿತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ. ಅದೇ ವರ್ಷ ಊರಿಗೆ ಮರಳಿ, 1942ರಲ್ಲಿ ತೀರಿಕೊಂಡರು.

ಅವರು ಸತ್ತ ಮೇಲೆ ರಾಗ ಇನ್ನೂ ದೂರ ಹಾರಿತು. ನಾಟಕದಲ್ಲಿ ಅದನ್ನ ನುಡಿಸಿದ್ದು ದೊಡ್ಡ ವಾದ್ಯವೃಂದ. ಬೆಟ್ಟದ ಕೊಳಲಿನಲ್ಲಿ ಅದನ್ನ ಲೋಕಕ್ಕೆ ಕೇಳಿಸಿದ್ದು ಪ್ಯಾರಿಸ್‌ನಲ್ಲಿದ್ದ ‘ಲೋಸ್ ಇಂಕಾಸ್’ ತಂಡ. ಅಲ್ಲಿ ಕೇಳಿದ ಅಮೆರಿಕದ ಪಾಲ್ ಸೈಮನ್ ಅದಕ್ಕೆ ಇಂಗ್ಲಿಷ್ ಮಾತು ಹಾಕಿದರು, 1970ರಲ್ಲಿ ರೆಕಾರ್ಡು ಬಂತು. ಇಡೀ ಪ್ರಪಂಚವೇ ಗುನುಗಿತು, ಆದರೆ ರೋಬ್ಲೆಸ್ ಹೆಸರೇ ಇರಲಿಲ್ಲ! ಯಾರದೂ ಅಲ್ಲದ ಹಳೇ ಜನಪದ ಹಾಡು ಅಂತ ಸೈಮನ್ ತಿಳಿದಿದ್ದರಂತೆ. ರೋಬ್ಲೆಸ್ ಮಗ, ಸಿನಿಮಾ ನಿರ್ದೇಶಕ ಅರ್ಮಾಂಡೊ, ಆ 1933ರ ದಾಖಲೆ ಹಿಡಿದು ಕೋರ್ಟಿಗೆ ಹೋದರು. ಜಗಳವಿಲ್ಲದೆ ರಾಜಿಯಾಗಿ, ತಂದೆಯ ಹೆಸರು ಸೇರಿತು. ನನಗನ್ನಿಸೋದು, ಒಂದು ಕಾಗದ ಇಲ್ಲದಿದ್ರೆ ಅವರ ಗತಿ ಏನಾಗ್ತಿತ್ತು? ಅವರಿಗೆ ಹಾಡು ಹೇಳಿಕೊಟ್ಟ ಹಳ್ಳಿಯವರ ಹತ್ತಿರ ಅಂಥ ಕಾಗದ ಎಲ್ಲಿಂದ ಬರಬೇಕು?

ಮುಂದೆ ಆಂಡಿಸ್‌ನಿಂದ ಹೊರಟ ಎಷ್ಟೋ ಕೊಳಲುಗಾರರು ಯೂರೋಪಿನ ಬೀದಿಗಳಲ್ಲಿ ಇದೇ ರಾಗ ಊದಿ ಹೊಟ್ಟೆ ಹೊರೆದರು. ಪೆರು ಸರ್ಕಾರ 2004ರಲ್ಲಿ ಇದನ್ನು ರಾಷ್ಟ್ರದ ಸಾಂಸ್ಕೃತಿಕ ಆಸ್ತಿ ಎಂದು ಸಾರಿತು. ರಾಗ ಎಲ್ಲರಿಗೂ ಗೊತ್ತು, ಗಣಿಯವರ ನಾಟಕ ಮಾತ್ರ ಮರೆತೇ ಹೋಗಿತ್ತು. ಅದನ್ನ ನೂರು ವರ್ಷದ ನೆನಪಿಗೆ 2013ರಲ್ಲಿ ಲಿಮಾದಲ್ಲಿ ಮತ್ತೆ ಆಡಿದರು.